ಓದುಗರ ಪ್ರಶ್ನೆ: ನಿಲ್ಲದ ಬಸ್ಸು, ಗೇಣೆತ್ತರದ ಹಂಪು, ಕೈಮರದ ಕ್ಯೂ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ರಸ್ತೆಯದ್ದೇ ಗೋಳು. ಕಾಫಿ ರೇಟು, ಆನೆ ಕಾಟ ಎಲ್ಲ ಹಿಂದೆ ಬಿದ್ದಿವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಕೆಲವು ಪತ್ರಗಳಲ್ಲಿದ್ದ ಬೈಗುಳ ಮಾತ್ರ ಸೋಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಚಿಕ್ಕಮಗಳೂರಲ್ಲಿ ಡಿಗ್ರಿ ಓದುತ್ತಿದ್ದೇನೆ. ಬೆಳಿಗ್ಗೆಯ ಸರ್ಕಾರಿ ಬಸ್ ನಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ಫುಲ್. ಎಷ್ಟೋ ದಿನ ನಿಲ್ಲಿಸುವುದೇ ಇಲ್ಲ. ಕೇಳಿದರೆ "ಫ್ರೀ ಮಾಡಿದ ಮೇಲೆ ಹೆಂಗಸರೆಲ್ಲ ಬಸ್ಸಲ್ಲೇ ಇರ್ತೀರ" ಅಂತ ನಮಗೇ ಬೈಯುತ್ತಾರೆ. ತಪ್ಪು ನಮ್ಮದಾ ಸಾರ್?
– ಆಲ್ದೂರು ಕಡೆಯ ವಿದ್ಯಾರ್ಥಿನಿ

ಉತ್ತರ: ನಿಮ್ಮದಲ್ಲಮ್ಮ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದಕ್ಕೂ ಮುಂಚೆ ಆಸ್ಪತ್ರೆಗೆ, ಕೆಲಸಕ್ಕೆ, ತವರಿಗೆ ಹೋಗಬೇಕು ಅಂತಿದ್ದರೂ ಬಸ್ ಚಾರ್ಜಿಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದವರು ಈಗ ಹೊರಗೆ ಬಂದಿದ್ದಾರೆ. ಜನ ಜಾಸ್ತಿಯಾದರೆ ಟ್ರಿಪ್ ಜಾಸ್ತಿ ಮಾಡಬೇಕು. ಹತ್ತಿದವರನ್ನು ಬೈದರೆ ಬಸ್ಸೇನು ಉದ್ದ ಆಗಲ್ಲ. ಗಂಡಸರಿಗೆ ಸೀಟೇ ಇಲ್ಲ ಅನ್ನುವವರಿಗೂ ಒಂದು ಮಾತು: ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಆ ಯೋಜನೆಯಲ್ಲೇ ಇದೆ. ಅದನ್ನು ಕಂಡಕ್ಟರ್ ಹತ್ತಿರ ಕೇಳಿ, ಹುಡುಗಿಯರ ಮೇಲೆ ಹಾರಾಡಬೇಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಮೊದಲಿಂದಲೂ ಜನ ನಂಬಿಕೊಂಡಿದ್ದು ಖಾಸಗಿ ಬಸ್ಸನ್ನೇ, ಅಲ್ಲಿ ಶಕ್ತಿ ನಡೆಯಲ್ಲ. 1991ರಲ್ಲಿ ಕೊಪ್ಪದಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರೇ ಮಾಲೀಕರು. ಹಳ್ಳಿ ಮಕ್ಕಳು ಪಾಸ್ ತೋರಿಸಿ ಶಾಲೆಗೆ ಹೋಗುತ್ತಿದ್ದ ಬಸ್ಸುಗಳವು. 2020ರಲ್ಲಿ ಅದೂ ನಿಂತುಹೋಯಿತು. ಒಂದು ಫ್ಲೈಓವರ್ ತಡವಾದರೆ ಎಷ್ಟೊಂದು ಗಲಾಟೆ ಮಾಡುತ್ತೇವೆ, ಆದರೆ ಆ ಬಸ್ಸುಗಳು ನಿಂತಾಗ ಒಂದು ವಾರ ಮರುಗಿ ಸುಮ್ಮನಾದೆವು. ಕಾರಿದ್ದವರಿಗೆ ತಟ್ಟಲಿಲ್ಲ, ಅಷ್ಟೇ.

ಈಗ ನಿಮ್ಮ ಕೆಲಸ. ಒಂದು ನೋಟ್‌ಬುಕ್ ಇಡಿ. ತಾರೀಕು, ಬಸ್ ನಂಬರ್, ಬಂದ ಸಮಯ, ನಿಲ್ಲಿಸಿದರಾ ಇಲ್ಲವಾ, ಸ್ಟಾಪಲ್ಲಿ ಎಷ್ಟು ಜನ ಉಳಿದರು, ಇಷ್ಟನ್ನು ಎರಡು ವಾರ ಬರೆಯಿರಿ. ಕಾಲೇಜಿನಿಂದ ಒಂದು ಪತ್ರ, ಪಂಚಾಯ್ತಿಯಿಂದ ಒಂದು ಪತ್ರ ಜೊತೆಗಿಟ್ಟು ಡಿಪೋ ಮ್ಯಾನೇಜರ್‌ಗೆ ಒಂದು ಅರ್ಜಿ, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಅರ್ಜಿ ಕೊಡಿ. "ಹೊಸ ಬಸ್ ಬಿಡಿ" ಅಂತ ಬರೆದರೆ "ಬಸ್ ಇಲ್ಲ, ಸಿಬ್ಬಂದಿ ಇಲ್ಲ" ಅನ್ನುವ ಉತ್ತರ ರೆಡಿ ಇರುತ್ತದೆ. ಅದರ ಬದಲು ಈಗಿರುವ ಒಂದು ಟ್ರಿಪ್ಪನ್ನು ದಾರಿ ಮಧ್ಯದ ಊರಿಂದ ಶುರು ಮಾಡಿ, ಇಲ್ಲವೇ ಕಾಲೇಜು ಟೈಮಿಗೆ ಅರ್ಧ ಗಂಟೆ ಹಿಂದೆ ಮುಂದೆ ಮಾಡಿ ಅಂತ ಕೇಳಿ. ಅರ್ಜಿ ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳುವುದು ಮರೆಯಬೇಡಿ. ಖಾಸಗಿ ಬಸ್ ಟ್ರಿಪ್ ತಪ್ಪಿಸಿದರೆ ದೂರು ಆರ್‌ಟಿಒಗೆ. ಪರ್ಮಿಟ್ ಜೊತೆ ವೇಳಾಪಟ್ಟಿಯೂ ಇರುತ್ತದೆ, ಮನಸ್ಸು ಬಂದಾಗ ಓಡಿಸುವ ಹಾಗಿಲ್ಲ.

ಪ್ರಶ್ನೆ: ಹೆದ್ದಾರಿ ಪಕ್ಕ ನಮ್ಮ ಶಾಲೆ. ಹಂಪ್ ಹಾಕಿ ಅಂತ ಕೇಳಿ ಕೇಳಿ ಸಾಕಾಗಿ ಊರ ಹುಡುಗರೇ ರಾತ್ರೋರಾತ್ರಿ ಹಾಕಿದರು. ಈಗ ಅದನ್ನು ಕೀಳುತ್ತೇವೆ ಅನ್ನುತ್ತಿದ್ದಾರೆ. ನ್ಯಾಯವಾ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಬೇಲೂರು ತಾಲ್ಲೂಕು

ಉತ್ತರ: ನಿಮ್ಮ ಹುಡುಗರ ಸಿಟ್ಟು ಸರಿ, ಹಂಪು ತಪ್ಪು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಹಾಕುವ ಹಾಗೇ ಇಲ್ಲ. ಬೇರೆ ರಸ್ತೆಗಳಲ್ಲಿ ಹಾಕುವುದಕ್ಕೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಅಳತೆ ಕೊಟ್ಟಿದೆ: 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮೇಲೆ ಗುಂಡಗೆ. 25 ಕಿಲೋಮೀಟರ್ ಸ್ಪೀಡಲ್ಲಿ ಬಂದವನಿಗೆ ಹೆಚ್ಚು ಕುಲುಕಬಾರದು ಅನ್ನುವುದು ಲೆಕ್ಕ. ನಮ್ಮ ಕಡೆ ಹಾಕುವುದು ಮೊಳ ಅಗಲ, ಗೇಣೆತ್ತರ, ಜಲ್ಲಿ ಸುರಿದು ಮೇಲೆ ಟಾರು. ಬಿಳಿ ಪಟ್ಟೆ ಇಲ್ಲ, ಬೋರ್ಡಿಲ್ಲ. ಯಾವುದಾದರೂ ಒಂದನ್ನು ಬಗ್ಗಿ ನೋಡಿ, ಕಾರುಗಳ ಹೊಟ್ಟೆ ಉಜ್ಜಿದ ಗೀರು ಸಾಲಾಗಿ ಕಾಣುತ್ತವೆ. ಮಂಜು ಕವಿದ ಬೆಳಿಗ್ಗೆ ಹಿಂದೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೊರಟವನಿಗೆ ಅದು ಚಕ್ರ ಹತ್ತಿದ ಮೇಲೇ ಗೊತ್ತಾಗುವುದು. ಅಲ್ಲಿ ಬೀಳುವವನು ನಿಮ್ಮೂರವನೇ, ಸ್ಪೀಡಾಗಿ ಬಂದ ಲಾರಿಯವನಲ್ಲ.

ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಅಂತ ಒಂದಿದೆ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯವರು ಎಲ್ಲ ಒಂದೇ ಟೇಬಲ್ಲಿಗೆ ಬರುವ ಜಾಗ ಅದು. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಆಫೀಸ್ ತೋರಿಸುತ್ತಾರೆ. ಅಲ್ಲಿಗೆ ಎಸ್‌ಡಿಎಂಸಿ ಲೆಟರ್‌ಹೆಡ್ಡಲ್ಲಿ ಬರೆಯಿರಿ. ರಂಬಲ್ ಸ್ಟ್ರಿಪ್ (ಗಾಡಿ ನಡುಗಿಸಿ ಎಚ್ಚರಿಸುವ ಸಣ್ಣ ಉಬ್ಬು ಪಟ್ಟಿಗಳು), ಝೀಬ್ರಾ ಪಟ್ಟೆ, ಶಾಲೆಯ ಬೋರ್ಡು, ಶಾಲೆ ಶುರುವಾಗುವಾಗ ಮತ್ತು ಬಿಡುವಾಗ ಬ್ಯಾರಿಕೇಡ್, ಇವನ್ನೆಲ್ಲ ಹೆಸರು ಹೇಳಿಯೇ ಕೇಳಿ. ಒಂದಿಬ್ಬರು ಸುಮ್ನೆ ಪತ್ರಿಕೆಗೆ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ, ಬರಲಿ ಬಿಡಿ.

ಪ್ರಶ್ನೆ: ಕೊಯ್ಲಿನ ಟೈಮಲ್ಲಿ ಆಳುಗಳನ್ನು ಪಿಕಪ್‌ನಲ್ಲಿ ಕರ್ಕೊಂಡು ಬಂದರೆ ಪೊಲೀಸರು ಹಿಡಿಯುತ್ತಾರೆ. ತೋಟಕ್ಕೆ ಬಸ್ ಬರಲ್ಲ. ನಾವೇನು ಕಾಫಿ ಗಿಡದಲ್ಲೇ ಬಿಡಬೇಕಾ?
– ಬೆಳೆಗಾರರು, ಮೂಡಿಗೆರೆ

ಉತ್ತರ: ಬಿಡಬೇಡಿ. ಆದರೆ ಒಂದು ವಿಷಯ ನಿಮ್ಮ ಕಿವಿಗೆ ಹಾಕಲೇಬೇಕು. ಗೂಡ್ಸ್ ಗಾಡಿಯಲ್ಲಿ ಹೀಗೆ ಜನರನ್ನು ತುಂಬಿಕೊಂಡು ಹೋಗುವಾಗ ಏನಾದರೂ ಆದರೆ ಅವರ ಪರಿಹಾರಕ್ಕೆ ವಿಮೆ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಪಿಕಪ್ ಪಲ್ಟಿಯಾಗಿ ಹದಿನೈದು ಜನಕ್ಕೆ ಪೆಟ್ಟಾದರೆ ಕೋರ್ಟು ಗಾಡಿ ಮಾಲೀಕರ ಕಡೆ ತಿರುಗುತ್ತದೆ. ಒಂದು ವರ್ಷದ ಫಸಲು ಅಲ್ಲೇ ಹೋಯಿತು. ದುಡ್ಡಿನ ಮಾತು ಬಿಡಿ, ಹಿಂದೆ ಹಗ್ಗ ಹಿಡಿದು ನಿಂತವರ ಕಾಲಡಿ ಗೊಬ್ಬರದ ಮೂಟೆ, ಪಕ್ಕದಲ್ಲಿ ಕತ್ತಿ, ಏಣಿ, ತಿರುವಿನಲ್ಲಿ ಎಲ್ಲ ಒಂದೇ ಕಡೆಗೆ ವಾಲುತ್ತವೆ. ನಿಮ್ಮ ಮನೆಯವರನ್ನು ಹಾಗೆ ಮದುವೆಗೆ ಕರೆದುಕೊಂಡು ಹೋಗುತ್ತೀರಾ?

ಅರೇಬಿಕಾಕ್ಕೆ ನವೆಂಬರಿಂದ ಜನವರಿ, ರೊಬಸ್ಟಾಕ್ಕೆ ಜನವರಿಯಿಂದ ಮಾರ್ಚ್, ಕೊಯ್ಲು ಯಾವಾಗ ಅಂತ ಎಲ್ಲರಿಗೂ ಮೊದಲೇ ಗೊತ್ತು. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಹಳದಿ ಬೋರ್ಡಿನ ಮ್ಯಾಕ್ಸಿಕ್ಯಾಬ್ ಒಂದನ್ನು ತಿಂಗಳ ಲೆಕ್ಕಕ್ಕೆ ಗೊತ್ತು ಮಾಡಿ. ಹಾಗೇ ಬೆಳೆಗಾರರ ಸಂಘದ ಮೂಲಕ ಆ ತಿಂಗಳುಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಕೇಳಿ. ಸಬ್ಸಿಡಿಗೆ ಬೆಂಗಳೂರಿಗೆ ನಿಯೋಗ ಹೋಗುವವರು ಬಸ್ಸಿಗೂ ಒಂದು ನಿಯೋಗ ಹೋಗಬಹುದಲ್ವಾ?

ಪ್ರಶ್ನೆ: ಮುಳ್ಳಯ್ಯನಗಿರಿಗೆ ಬುಕಿಂಗ್ ಮಾಡಿದ್ದು ಒಳ್ಳೆಯದಾ? ವೀಕೆಂಡ್ ಬಂದರೆ ಗಿರಿ ದಾರಿಯ ಕೈಮರ ಚೆಕ್‌ಪೋಸ್ಟ್ ದಾಟುವುದಕ್ಕೇ ನಮಗೆ ಸಾಕುಸಾಕಾಗುತ್ತದೆ.
– ಗಿರಿ ತಪ್ಪಲಿನ ಓದುಗರು

ಉತ್ತರ: ಒಳ್ಳೆಯದೇ, ಅರ್ಧ ಮಾತ್ರ. 2025ರ ಸೆಪ್ಟೆಂಬರಿಂದ ಮುಂಗಡ ಬುಕಿಂಗ್, ದಿನಕ್ಕೆ ಎರಡು ಸ್ಲಾಟ್, ಸ್ಲಾಟಿಗೆ 600 ಗಾಡಿ. ಇಲ್ಲಿ ಎಣಿಸುತ್ತಿರುವುದು ಗಾಡಿಯನ್ನು, ಜನರನ್ನಲ್ಲ. ಇಬ್ಬರು ಕೂತ ದೊಡ್ಡ ಕಾರೂ ಒಂದು, ಇಪ್ಪತ್ತು ಜನ ಕೂತ ಮಿನಿ ಬಸ್ಸೂ ಒಂದು. 1930 ಮೀಟರ್ ಎತ್ತರದ ಬೆಟ್ಟಕ್ಕೆ ಹೋಗುವ ಆ ಕಿರಿದಾದ ರಸ್ತೆಯಲ್ಲಿ ಎರಡು ಕಾರು ಎದುರುಬದುರಾದರೇ ಒಬ್ಬರು ರಿವರ್ಸ್ ತೆಗೆಯಬೇಕು. ಅದೂ ಬಯಲುಸೀಮೆಯ ಡ್ರೈವರ್ ಆದರೆ ಕೇಳುವುದೇ ಬೇಡ.

ನನ್ನ ಅಭಿಪ್ರಾಯ ಕೇಳಿದರೆ ಕಾರುಗಳನ್ನು ಕೆಳಗೇ ನಿಲ್ಲಿಸಬೇಕು. ಅಲ್ಲಿಂದ ಮಿನಿ ಬಸ್, ಇಲ್ಲಿಯದೇ ಜೀಪುಗಳು, ದರ ಬೋರ್ಡಲ್ಲಿ ಬರೆದಿರಬೇಕು. ಜೀಪಿನವರಿಗೂ ಹೊಟ್ಟೆಪಾಡು ನಡೆಯುತ್ತದೆ, ತಪ್ಪಲಿನವರಿಗೆ ಮನೆ ಸೇರಲು ದಾರಿ ಸಿಗುತ್ತದೆ. ಇದರಿಂದ ಪ್ರವಾಸಿಗರು ಕಡಿಮೆಯಾಗುತ್ತಾರೆ ಅನ್ನುವ ಹೋಂಸ್ಟೇ ಮಾಲೀಕರ ಭಯ ನನಗೆ ಒಪ್ಪಿಗೆಯಾಗಲ್ಲ. ಮೂರು ಗಂಟೆ ಕಾರಲ್ಲಿ ಕೂತು, ಬೆಟ್ಟ ನೋಡದೆ ವಾಪಸ್ ಹೋದವನು ಮತ್ತೆ ಬರುತ್ತಾನಾ?

ಪ್ರಶ್ನೆ: ಮಗನಿಗೆ 16. ಟ್ಯೂಷನ್ನಿಗೆ ಸ್ಕೂಟರ್ ಕೊಡಬಹುದಾ? ಲೈಸೆನ್ಸ್ ಸಿಗುತ್ತಂತೆ.
– ತಾಯಿ, ಕಡೂರು

ಉತ್ತರ: ಆ ವಯಸ್ಸಿಗೆ ಸಿಗುವುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ. ನಿಮ್ಮ ಮನೆಯ ಸ್ಕೂಟರ್ ಅದಲ್ಲ. ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ ನಿಮಗೆ 25 ಸಾವಿರ ದಂಡ, 3 ವರ್ಷದವರೆಗೆ ಜೈಲು, ಗಾಡಿ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಸೈಕಲ್ ಕೊಡಿಸಿ.

ಪ್ರಶ್ನೆ: ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ರೆಡ್ ಲೈಟ್ ಇದ್ದರೂ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಯಾಕೆ?
– ಹಾಸನದ ಓದುಗರು

ಉತ್ತರ: ಲೈಟಿಗೆ ಕಿವಿ ಇದೆ ಅಂತ ಯಾರೋ ಹೇಳಿರಬೇಕು.

ಪ್ರಶ್ನೆ: ಚಾರ್ಮಾಡಿಯಲ್ಲಿ ಅಪಘಾತವಾದವರನ್ನು ಆಸ್ಪತ್ರೆಗೆ ಸೇರಿಸಿದರೆ ಆಮೇಲೆ ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕಾ?
– ಟ್ಯಾಕ್ಸಿ ಚಾಲಕರು, ಕೊಟ್ಟಿಗೆಹಾರ

ಉತ್ತರ: ಬೇಕಿಲ್ಲ. ಒಳ್ಳೆಯ ಮನಸ್ಸಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ವಿಳಾಸ ಹೇಳು ಅಂತ ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಇದು, ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಗಾಯಾಳುವಿನ ಚಿಕಿತ್ಸೆಗೂ 2025ರಿಂದ ಕೇಂದ್ರದ ನಗದುರಹಿತ ಯೋಜನೆ ಇದೆ, ಮೊದಲ 7 ದಿನಕ್ಕೆ ಒಂದೂವರೆ ಲಕ್ಷದವರೆಗೆ. ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬರು ಗಾಯಾಳು ಹತ್ತಿರ ಇದ್ದು ಇನ್ನೊಬ್ಬರನ್ನು ಸಿಗ್ನಲ್ ಸಿಗುವ ಕಡೆಗೆ ಕಳಿಸಿ 112ಕ್ಕೆ ಫೋನ್ ಮಾಡಿಸಿ. ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದರೆ ಆಂಬುಲೆನ್ಸ್‌ನವರು ತಿರುವು ತಿರುವಿಗೂ ನಿಲ್ಲಿಸಿ ಹುಡುಕಬೇಕಾಗಲ್ಲ.