ಗೋಡೆಯ ಹಿಂದೆ ಕತ್ತಲೆ ಯಾಕೆ?

ಪ್ರಶ್ನೆ: ರೇಡಿಯೋ ಅಲೆ ಹರಡುವುದನ್ನು ನೋಡಲು ರೇ ಟ್ರೇಸಿಂಗ್ ಪ್ರೋಗ್ರಾಂ (ಅಲೆಯನ್ನು ಕಿರಣಗಳಾಗಿ ಎಸೆದು ಅವುಗಳ ದಾರಿ ಲೆಕ್ಕ ಹಾಕುವುದು) ಬರೆದಿದ್ದೇನೆ. ಗೋಡೆಯ ಹಿಂದೆ ಸಿಗ್ನಲ್ ಸೊನ್ನೆ ಬರುತ್ತದೆ. ಕಿರಣಗಳನ್ನು ಹತ್ತು ಸಾವಿರದಿಂದ ಹತ್ತು ಲಕ್ಷಕ್ಕೆ ಏರಿಸಿದರೂ ಅಷ್ಟೇ. ಆದರೆ ನಿಜವಾದ ಎಫ್‌ಎಂ ರೇಡಿಯೋ ಅಂಥ ಜಾಗದಲ್ಲೂ ಹಾಡುತ್ತದಲ್ಲ! ತಪ್ಪೆಲ್ಲಿ?

ಉತ್ತರ: ಕೋಟಿಗೆ ಏರಿಸಿದರೂ ಅಷ್ಟೇ. ರಾತ್ರಿಯೆಲ್ಲ ಕಂಪ್ಯೂಟರ್ ಓಡಿಸಿ, ಬೆಳಿಗ್ಗೆ ಎದ್ದು ಅದೇ ಕಪ್ಪು ಚಿತ್ರ ನೋಡಿದವನು ನಾನು! ನಿಮ್ಮ ಕಿರಣಗಳಿಗೆ ಗೊತ್ತಿರುವುದು ಎರಡೇ ಕೆಲಸ: ನೇರ ಹೋಗುವುದು, ಗೋಡೆಗೆ ತಗುಲಿದರೆ ಪುಟಿಯುವುದು. ಅಂಚಿನಲ್ಲಿ ಬಾಗುವುದನ್ನು ನೀವೇ ಕಲಿಸಬೇಕು.

ಇದಕ್ಕೆ ದಾರಿ ತೋರಿಸಿದವರು ಗಣಿತಜ್ಞ ಜೋಸೆಫ್ ಕೆಲ್ಲರ್. 1962ರ ಅವರ ಲೇಖನದ ಪ್ರಕಾರ, ಅಂಚಿಗೆ ತಗುಲಿದ ಕಿರಣದಿಂದ ಹೊಸ ಕಿರಣಗಳು ಹುಟ್ಟುತ್ತವೆ. ಬಂದ ಕಿರಣ ಅಂಚಿನ ಜೊತೆ ಎಷ್ಟು ಕೋನ ಮಾಡುತ್ತದೋ, ಹೊರಡುವ ಪ್ರತಿ ಕಿರಣವೂ ಅಷ್ಟೇ ಕೋನ ಮಾಡುತ್ತದೆ. ಹಾಗಾಗಿ ಅವು ಶಂಕುವಿನ ಆಕಾರದಲ್ಲಿ ಹರಡುತ್ತವೆ. ಆದರೆ ಅಂಚು ಅಂದರೆ ಬರೀ ಗೆರೆ, ದಪ್ಪವೇ ಇಲ್ಲ. ಸುಮ್ನೆ ಎಸೆದ ಕಿರಣ ಅದಕ್ಕೆ ಕರಾರುವಾಕ್ಕಾಗಿ ತಗುಲುವುದೇ ಇಲ್ಲ. ಆದ್ದರಿಂದ ಉಲ್ಟಾ ಹುಡುಕಿ: ಟ್ರಾನ್ಸ್‌ಮಿಟರ್‌ನಿಂದ ಹೊರಟು, ಅಂಚು ಮುಟ್ಟಿ, ರಿಸೀವರ್ ಸೇರುವ ಅತಿ ಚಿಕ್ಕ ದಾರಿ ಅಂಚನ್ನು ಎಲ್ಲಿ ಮುಟ್ಟುತ್ತದೆ? ಆ ಬಿಂದು ಸಿಕ್ಕಿದರೆ ಕೋನ ತಾನಾಗಿ ಸರಿಯಾಗುತ್ತದೆ.

ಬಾಗಿದ ಕಿರಣದ ಬಲ ಎಷ್ಟು ಅಂತ ಹೇಳುವ ಕೆಲ್ಲರ್ ಸೂತ್ರವನ್ನು ಹಾಗೇ ಹಾಕಬೇಡಿ. ನೆರಳು ಶುರುವಾಗುವ ಗಡಿಯಲ್ಲಿ ಅದರ ಉತ್ತರ ಅನಂತಕ್ಕೆ ಹಾರುತ್ತದೆ. ನನ್ನ ಚಿತ್ರದಲ್ಲಿ ಅಲ್ಲೊಂದು ಬೆಳ್ಳಗಿನ ಬರೆ ಬಿದ್ದಿತ್ತು; ಇಲ್ಲದ ಬಗ್ ಹುಡುಕುತ್ತಾ ಎರಡು ದಿನ ಕಳೆದೆ. 1974ರಲ್ಲಿ ಕೌಯುಂಜಿಯನ್ ಮತ್ತು ಪಾಠಕ್ ಇದನ್ನು ಸರಿಪಡಿಸಿದರು. ಅವರ ಯುಟಿಡಿ (ಯೂನಿಫಾರ್ಮ್ ಥಿಯರಿ ಆಫ್ ಡಿಫ್ರಾಕ್ಷನ್) ಸೂತ್ರವನ್ನೇ ಬಳಸಿ.

ಬರೆದದ್ದು ಸರಿಯೋ ಅಂತ ನೋಡಲು ತೆಳ್ಳಗಿನ ಒಂದೇ ಗೋಡೆ ಸಾಕು. ಎರಡು ಆಂಟೆನಾಗಳ ನಡುವಿನ ನೇರ ಗೆರೆ ಗೋಡೆಯ ಮೇಲಂಚನ್ನು ಸವರುವಂತೆ ಇಡಿ. ಗೋಡೆಯಿಂದಾದ ನಷ್ಟ 6 ಡೆಸಿಬೆಲ್ ಹತ್ತಿರ ಬರಬೇಕು, ಅಂದರೆ ಸಿಗ್ನಲ್ ಶಕ್ತಿ ಸುಮಾರು ಕಾಲು ಭಾಗಕ್ಕೆ ಇಳಿಯಬೇಕು. ನೇರ ಕಿರಣವನ್ನೂ ಬಾಗಿದ ಕಿರಣವನ್ನೂ ಕೂಡಿಸುವಾಗ ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) ಬಿಟ್ಟಿದ್ದರೆ ಬರುವುದಿಲ್ಲ. ಆಮೇಲೆ ಗೋಡೆಯನ್ನು ಆ ಗೆರೆಗಿಂತ 5 ಮೀಟರ್ ಎತ್ತರಿಸಿ, ಆಂಟೆನಾಗಳನ್ನು ಎರಡೂ ಕಡೆ 100 ಮೀಟರ್ ದೂರ ಇಡಿ. ಎಫ್‌ಎಂನ 100 ಮೆಗಾಹರ್ಟ್ಸ್‌ನಲ್ಲಿ ಸುಮಾರು 11 ಡೆಸಿಬೆಲ್ ನಷ್ಟ, ವೈಫೈನ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 22. ಎಫ್‌ಎಂ ಅಲೆಯ ಉದ್ದ 3 ಮೀಟರ್, ವೈಫೈ ಅಲೆಯದ್ದು ಬರೀ 12.5 ಸೆಂಟಿಮೀಟರ್. ಉದ್ದ ಜಾಸ್ತಿ ಇದ್ದಷ್ಟೂ ನೆರಳಿನೊಳಗೆ ಚೆನ್ನಾಗಿ ನುಗ್ಗುತ್ತದೆ. ರೇಡಿಯೋ ಹಾಡಿದ್ದು ಅದಕ್ಕೇ.