ಆಡಿಷನ್‌ನಲ್ಲಿ ‘ನಾಟಕದ ಥರ ಇದೆ’ ಅಂತಾರೆ, ಏನು ಮಾಡಲಿ?

ನೀವು ದಾವಣಗೆರೆಯಲ್ಲಿ ಐದು ವರ್ಷ ನಾಟಕ ಮಾಡಿದ್ದೀರಿ. ಬೆಂಗಳೂರಿಗೆ ಬಂದು ಮೂರು ಆಡಿಷನ್ ಕೊಟ್ಟಿದ್ದೀರಿ. ಎರಡು ಕಡೆ ‘ಜಾಸ್ತಿ ಆಯ್ತು, ನಾಟಕದ ಥರ ಇದೆ’ ಅಂದರು. ಮೂರನೆಯ ಕಡೆ ಕಡಿಮೆ ಮಾಡಿದಿರಿ, ‘ಸಪ್ಪೆ’ ಅಂದರು. ಈಗ ನಾಟಕ ಬಿಡಬೇಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ಸಂಕಟ ಆಯಿತು. ಹೆಗ್ಗೋಡಿನ ರಂಗಶಾಲೆಯಲ್ಲಿ ಕಲಿತು ಬಂದ ಹೊಸತರಲ್ಲಿ ನನಗೂ ಇದೇ ಮಾತು ಹೇಳಿದ್ದರು. ಈಗ ಕೆಲವು ವರ್ಷಗಳಿಂದ ಆಡಿಷನ್‌ಗೆ ಹೋಗುವವರಿಗೆ ತಯಾರಿ ಮಾಡಿಸುತ್ತಿದ್ದೇನೆ.

ಕಡಿಮೆ ಮಾಡುವುದು ಇದಕ್ಕೆ ಔಷಧಿ ಅಲ್ಲ. ಬದಲಾಗಬೇಕಾದದ್ದು ದೂರ. ರಂಗದ ಮೇಲೆ ನಾವು ಕೊನೇ ಸಾಲಿನಲ್ಲಿ ಕೂತವರಿಗೂ ತಲುಪಬೇಕು. ಅದಕ್ಕೇ ದನಿ, ಕೈ, ಹುಬ್ಬು ಎಲ್ಲವೂ ಮುಂದಕ್ಕೆ ಹೋಗುತ್ತವೆ. ಕ್ಯಾಮೆರಾ ಮುಂದೆ ನಿಮ್ಮ ಮಾತು ತಲುಪಬೇಕಾದದ್ದು ಎರಡು ಅಡಿ ದೂರದಲ್ಲಿರುವ ಒಬ್ಬರಿಗೆ. ಒಳಗಿನ ಸಿಟ್ಟು, ದುಃಖ ಅಷ್ಟೇ ಇರಲಿ. ಅದನ್ನು ಆ ಒಬ್ಬರಿಗೆ ಮಾತ್ರ ಹೇಳಿ. ಸಪ್ಪೆ ಆಗುವುದು ಯಾವಾಗ ಅಂದರೆ, ದನಿಯ ಜೊತೆ ಒಳಗಿನದನ್ನೂ ಇಳಿಸಿಬಿಟ್ಟಾಗ.

ಒಂದು ಸಾಲು ತೆಗೆದುಕೊಳ್ಳಿ: ‘ಅಪ್ಪ ಊಟ ಮಾಡಿದ್ರಾ?’ ಬೆಳಿಗ್ಗೆ ಅಪ್ಪನ ಜೊತೆ ಜಗಳ ಆಡಿ ಹೋದ ಮಗ ರಾತ್ರಿ ಬಂದು ಅಮ್ಮನನ್ನು ಕೇಳುತ್ತಾನೆ. ರಂಗದ ಮೇಲೆ ‘ಊಟ’ದ ಮೇಲೋ ‘ಅಪ್ಪ’ನ ಮೇಲೋ ಒತ್ತು ಕೊಟ್ಟು ಪಶ್ಚಾತ್ತಾಪ ಕೇಳಿಸುತ್ತೇವೆ. ಕ್ಲೋಸಪ್‌ನಲ್ಲಿ ಆ ಒತ್ತು ಬೇಡ. ಬಾಗಿಲಲ್ಲಿ ಅಪ್ಪನ ಚಪ್ಪಲಿ ನೋಡಿದ್ದು, ಒಳಗೆ ಹೋಗಲೋ ಬೇಡವೋ ಅಂದುಕೊಂಡದ್ದು ಮನಸ್ಸಿನಲ್ಲಿ ಓಡುತ್ತಿರಲಿ. ಬಾಯಿಂದ ಮಾತ್ರ ಸುಮ್ನೆ ಕೇಳಿ. ಅದು ಕಣ್ಣಲ್ಲಿ ಕಾಣುತ್ತದೆ.

ಹಾಗಾಗಿ ನಾನು ಮೊದಲು ಮಾಡಿಸುವುದು ಮಾತಿಲ್ಲದ ಅಭ್ಯಾಸ. ಗೆಳೆಯರೊಬ್ಬರು ಒಂದು ನಿಮಿಷ ನಿಮಗೆ ಏನೋ ಒಂದು ಸುದ್ದಿ ಹೇಳಲಿ. ನೀವು ಕೇಳಿಸಿಕೊಳ್ಳಿ, ಅಷ್ಟೇ. ಮುಖ ಮಾತ್ರ ಫ್ರೇಮಿನಲ್ಲಿರುವಂತೆ ರೆಕಾರ್ಡ್ ಮಾಡಿ. ಆಮೇಲೆ ಸೌಂಡ್ ಬಂದ್ ಮಾಡಿ ನೋಡಿ. ಸುದ್ದಿ ನಿಮಗೆ ತಟ್ಟಿದ ಜಾಗ ಗೊತ್ತಾಗುತ್ತದಾ? ಅಥವಾ ನಿಮ್ಮ ಸರದಿಗೆ ಕಾಯುತ್ತಿರುವ ಹಾಗೆ ಕಾಣುತ್ತೀರಾ? ನಾಟಕದವರಲ್ಲಿ ಬಹಳ ಜನ ಈ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಎದುರಿನವರ ಮಾತು ಮುಗಿಯುವುದರೊಳಗೆ ನಮ್ಮ ಮುಂದಿನ ಸಾಲು ಮುಖದ ಮೇಲೆ ಬಂದು ಕೂತಿರುತ್ತದೆ.

ಇನ್ನೊಂದು, ಬಾಯಿಪಾಠ. ನಾವು ಸಾಲು ಕಲಿಯುವಾಗಲೇ ಅದಕ್ಕೆ ಒಂದು ರಾಗ ಅಂಟಿಕೊಳ್ಳುತ್ತದೆ. ಆಮೇಲೆ ‘ಇನ್ನೊಂದು ಥರ ಮಾಡಿ’ ಅಂದರೆ ಬಿಡಿಸಲು ಆಗುವುದಿಲ್ಲ. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ, ಭಾವ ಹಾಕದೆ ಒಪ್ಪಿಸಿ ಕಲಿಯಿರಿ. ‘ಇನ್ನೊಂದು ಥರ’ ಅಂತ ಕೇಳುವುದು ಮೊದಲಿನದು ಕೆಟ್ಟಿತ್ತು ಅಂತಲೇ ಅಲ್ಲ. ಹೇಳಿದ್ದನ್ನು ಹಿಡಿದು ಬದಲಾಯಿಸಲು ಬರುತ್ತದಾ ಅಂತಲೂ ನೋಡುತ್ತಾರೆ. ನನ್ನ ಪ್ರಕಾರ ಆಡಿಷನ್‌ನ ಮುಖ್ಯ ಭಾಗ ಆ ಎರಡನೇ ಟೇಕೇ.

ಸೀರಿಯಲ್‌ಗೆ ಪ್ರಯತ್ನ ಮಾಡುವುದಾದರೆ ಪ್ರಾಂಪ್ಟಿಂಗ್ ಅಭ್ಯಾಸ ಮಾಡಿ. ಬಹಳ ಸೆಟ್‌ಗಳಲ್ಲಿ ಕ್ಯಾಮೆರಾ ಆಚೆಯಿಂದ ಒಬ್ಬರು ಡೈಲಾಗ್ ಹೇಳುತ್ತಾ ಹೋಗುತ್ತಾರೆ. ಕಿವಿ ಅತ್ತ ಇದ್ದರೂ ಕಣ್ಣು ಎದುರಿನ ಪಾತ್ರದ ಮೇಲೇ ಇರಬೇಕು. ರಂಗದ ಮೇಲೆ ಇದು ನಮಗೆ ರೂಢಿ ಇರುವುದಿಲ್ಲ. ಮನೆಯಲ್ಲಿ ಯಾರಾದರೂ ಜೋರಾಗಿ ಪೇಪರ್ ಓದುತ್ತಿದ್ದರೆ, ಅವರು ಓದಿದ ಹಿಂದೆಯೇ ನಿಮ್ಮ ಮಾತಿನ ಹಾಗೆ ಹೇಳಿ ನೋಡಿ.

ಸೆಲ್ಫ್ ಟೇಪ್, ಅಂದರೆ ನೀವೇ ರೆಕಾರ್ಡ್ ಮಾಡಿ ಕಳಿಸುವ ಆಡಿಷನ್ ವಿಡಿಯೊ, ಅದಕ್ಕೆ ದೊಡ್ಡ ಖರ್ಚು ಬೇಡ. ಬೇರೆ ಥರ ಹೇಳಿರದಿದ್ದರೆ ಫೋನ್ ಅಡ್ಡ ಇಡಿ, ಹಿಂದಿನ ಕ್ಯಾಮೆರಾ ಬಳಸಿ, ಲೆನ್ಸ್ ನಿಮ್ಮ ಕಣ್ಣಿನ ಎತ್ತರಕ್ಕಿರಲಿ. ಎದೆಯಿಂದ ಮೇಲೆ ಫ್ರೇಮ್. ಕಿಟಕಿ ನಿಮ್ಮ ಎದುರಿಗೆ ಬರಲಿ, ಬೆನ್ನ ಹಿಂದೆ ಬೇಡ. ಫ್ಯಾನ್ ಆರಿಸಿ, ಅದರ ಸದ್ದು ನಿಮ್ಮ ಮೆತ್ತಗಿನ ಮಾತನ್ನು ನುಂಗುತ್ತದೆ. ಎದುರು ಪಾತ್ರ ಓದುವವರು ಲೆನ್ಸ್‌ಗೆ ಅಂಟಿಕೊಂಡ ಹಾಗೆ ಪಕ್ಕದಲ್ಲೇ ನಿಂತು ಮೆಲ್ಲಗೆ ಓದಲಿ. ದೂರ ನಿಂತರೆ ನಿಮ್ಮ ಒಂದು ಕೆನ್ನೆ ಮಾತ್ರ ಕಾಣುತ್ತದೆ. ಹೆಸರು, ವಯಸ್ಸು, ಎತ್ತರ ಹೇಳುವಾಗ ಲೆನ್ಸ್ ನೋಡಿ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ತಿರುಗಿ. ಸೀನ್ ಶುರುವಾದ ಮೇಲೆ ಲೆನ್ಸ್ ಮರೆತುಬಿಡಿ.

ನಿಮ್ಮ ದಾವಣಗೆರೆ ಮಾತನ್ನು ತಿದ್ದಲು ಹೋಗಬೇಡಿ. ಸೀನ್ ಬೇರೆ ಕಡೆಯ ಕನ್ನಡ ಕೇಳಿದಾಗ ಕಲಿಯಬಹುದು. ಆದರೆ ಪರಿಚಯ ಹೇಳುವಾಗಲೂ ಪುಸ್ತಕದ ಭಾಷೆ ಆಡಿದರೆ ನೀವು ಯಾರು ಅಂತಲೇ ಅವರಿಗೆ ಗೊತ್ತಾಗುವುದಿಲ್ಲ. ಹಾಗೆಯೇ ಆಡಿಷನ್‌ಗೆ ಅಥವಾ ಪಾತ್ರಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಎದ್ದು ಬನ್ನಿ.

ನಾಟಕ ಮಾತ್ರ ಬಿಡಬೇಡಿ. ರಾಜಕುಮಾರ್ ಗುಬ್ಬಿ ನಾಟಕ ಕಂಪನಿಯಿಂದ ಬಂದವರು. 1954ರಲ್ಲಿ ಮೊದಲ ಸಲ ನಾಯಕನಾಗಿ ಕ್ಯಾಮೆರಾ ಮುಂದೆ ನಿಲ್ಲುವ ಹೊತ್ತಿಗೆ ಅವರ ಬೆನ್ನ ಹಿಂದೆ ವರ್ಷಗಟ್ಟಲೆ ರಂಗದ ದುಡಿಮೆ ಇತ್ತು. ಸಿನಿಮಾ ನಟರಾದ ಲೋಕೇಶ್, ಸಿ.ಆರ್. ಸಿಂಹ ಅವರೂ ರಂಗದಿಂದಲೇ ಬಂದರು. ನಿಮ್ಮ ಮುಂದಿನ ಪ್ರದರ್ಶನದ ತಾರೀಖು ಗೊತ್ತಿದ್ದರೆ ಆಡಿಷನ್‌ನಲ್ಲೇ ಹೇಳಿಬಿಡಿ. ಶೂಟಿಂಗ್ ದಿನ ಹೊಂದಿಸುವವರಿಗೆ ಮೊದಲೇ ಗೊತ್ತಿದ್ದರೆ ಎರಡನ್ನೂ ಮಾಡಲು ದಾರಿ ಇರುತ್ತದೆ.