ಮಗ ಯಂತ್ರದ ಜೊತೆ ಮೇಲೇರುತ್ತಾನೆ, ಭಯಪಡಬೇಕೇ?

ಪ್ರಶ್ನೆ: ನನ್ನ ಮಗ ನೆಲಮಂಗಲದ ಬಳಿಯ ದೊಡ್ಡ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ನಡೆಸುತ್ತಿದ್ದ. ಈಗ ಅವನನ್ನು ಆರ್ಡರ್ ಪಿಕ್ಕರ್ ಎಂಬ ಯಂತ್ರಕ್ಕೆ ಹಾಕಿದ್ದಾರೆ. ತಾನೂ ಅದರೊಂದಿಗೆ ಮೇಲೇರುತ್ತೇನೆ ಎನ್ನುತ್ತಾನೆ. ಎರಡಕ್ಕೂ ಏನು ವ್ಯತ್ಯಾಸ? ಅಪಾಯವಿದೆಯೇ?
— ಒಬ್ಬ ತಾಯಿ, ತುಮಕೂರು

ಉತ್ತರ: ಫೋರ್ಕ್‌ಲಿಫ್ಟಿನಲ್ಲಿ ಚಾಲಕ ಕೆಳಗೇ ಕುಳಿತು ಇಡೀ ಪ್ಯಾಲೆಟನ್ನು, ಅಂದರೆ ಸಾಮಾನು ಪೇರಿಸಿಟ್ಟ ಮರದ ಹಲಗೆಗಳ ಚೌಕಟ್ಟನ್ನು, ಮೇಲೆತ್ತುತ್ತಾನೆ. ಆದರೆ ಅಂಗಡಿಯವರೋ ಆನ್‌ಲೈನ್ ಗ್ರಾಹಕರೋ ಪ್ಯಾಲೆಟ್ ಲೆಕ್ಕದಲ್ಲಿ ಸಾಮಾನು ಕೇಳುವುದಿಲ್ಲ. ಒಬ್ಬರಿಗೆ ಎರಡು ಮಿಕ್ಸಿ ಬೇಕು, ಇನ್ನೊಬ್ಬರಿಗೆ ಒಂದು ಪೆಟ್ಟಿಗೆ ಸೋಪು ಬೇಕು. ಹೀಗೆ ಬಿಡಿಬಿಡಿಯಾಗಿ ಆರಿಸಿ ತೆಗೆಯಲು ಮನುಷ್ಯನ ಕೈಯೇ ಬೇಕಾಗುವುದರಿಂದ, ಆರ್ಡರ್ ಪಿಕ್ಕರ್ ಚಾಲಕ ನಿಂತಿರುವ ಕಟ್ಟೆಯನ್ನೇ ಪ್ಯಾಲೆಟ್ಟಿನ ಜೊತೆಗೆ ರ‍್ಯಾಕಿನ ಮಟ್ಟಕ್ಕೆ ಏರಿಸುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಹಲವು ಕಂಪನಿಗಳು ರಾಜ್ಯಕ್ಕೊಂದರಂತೆ ಇಟ್ಟುಕೊಂಡಿದ್ದ ಸಣ್ಣ ಗೋದಾಮುಗಳನ್ನು ಒಗ್ಗೂಡಿಸಿ ಎತ್ತರದ ರ‍್ಯಾಕುಗಳ ದೊಡ್ಡ ಗೋದಾಮುಗಳನ್ನು ಮಾಡಿಕೊಂಡವು. ಈ ಯಂತ್ರಕ್ಕೆ ಕೆಲಸ ಹೆಚ್ಚಲು ಅದೂ ಒಂದು ಕಾರಣ.

ನೆಲಮಟ್ಟದ ಸಾಲಿಗಷ್ಟೇ ಬಳಸುವ ಗಿಡ್ಡ ಯಂತ್ರಗಳೂ ಇವೆ, 9–10 ಮೀಟರ್ ಏರುವಂಥವೂ ಇವೆ. ಹತ್ತು ಮೀಟರ್ ಎಂದರೆ ಮೂರಂತಸ್ತಿನ ಮನೆಯ ತಾರಸಿ ಎಂದುಕೊಳ್ಳಿ. ಏರಿದಷ್ಟೂ ಓಟದ ವೇಗ ತಾನಾಗಿ ತಗ್ಗುವಂತೆ ಯಂತ್ರದಲ್ಲೇ ವ್ಯವಸ್ಥೆ ಇರುತ್ತದೆ. ಕಾಲಡಿಯ ಪೆಡಲಿನಿಂದ ಪಾದ ತೆಗೆದರೆ ಯಂತ್ರ ನಿಲ್ಲುತ್ತದೆ. ಹೀಗಾಗಿ ಯಂತ್ರಕ್ಕಿಂತ ನನಗೆ ಹೆಚ್ಚು ಆತಂಕ ತರುವುದು ಚಾಲಕ ಇಡುವ ಒಂದು ಹೆಜ್ಜೆ. ರ‍್ಯಾಕಿನ ಒಳಮೂಲೆಯಲ್ಲಿರುವ ಪೆಟ್ಟಿಗೆ ಕೈಗೆ ಎಟುಕದಿದ್ದಾಗ ಅವನು ತನ್ನ ಕಟ್ಟೆ ಬಿಟ್ಟು ಪ್ಯಾಲೆಟ್ಟಿನ ಮರದ ಹಲಗೆಯ ಮೇಲೆ ಕಾಲಿಡುತ್ತಾನೆ. ಆ ಹಲಗೆ ಮುರಿದಿದ್ದರೆ, ಅಥವಾ ಪ್ಯಾಲೆಟ್ಟನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಸರಿಯಾಗಿ ಬಿದ್ದಿಲ್ಲದಿದ್ದರೆ, ಅವನನ್ನು ಉಳಿಸುವುದು ಹಾರ್ನೆಸ್, ಅಂದರೆ ಮೈಗೆ ಬಿಗಿದು ಹಗ್ಗದಿಂದ ಯಂತ್ರಕ್ಕೆ ಸಿಕ್ಕಿಸುವ ಪಟ್ಟಿಗಳು, ಒಂದೇ.

ಆದ್ದರಿಂದ ಮಗನನ್ನು ಹೀಗೆ ಕೇಳಿ: ಸೊಂಟಕ್ಕಷ್ಟೇ ಬೆಲ್ಟ್ ಕೊಟ್ಟಿದ್ದಾರೆಯೇ, ಹೆಗಲು, ತೊಡೆ ಎರಡನ್ನೂ ಬಿಗಿಯುವ ಪೂರ್ತಿ ಹಾರ್ನೆಸ್ ಕೊಟ್ಟಿದ್ದಾರೆಯೇ? ಬೆನ್ನಿನ ಮೇಲ್ಭಾಗದ ಬಳೆಯಿಂದ ಬರುವ ಹಗ್ಗದ ಕೊಕ್ಕೆಯನ್ನು ಯಂತ್ರದ ನಿಗದಿತ ಜಾಗಕ್ಕೆ ಸಿಕ್ಕಿಸಿ, ಒಮ್ಮೆ ಎಳೆದು ನೋಡಿದ ಮೇಲೆಯೇ ಏರುತ್ತಾನೆಯೇ? ಕೆಳಗಿನ ಸಾಲಿಗೆ ತಾನೇ ಎಂದು ಕೊಕ್ಕೆ ಹಾಕದೆ ಏರುವ ರೂಢಿ ಒಮ್ಮೆ ಅಂಟಿಕೊಂಡರೆ ಅದು ಮೇಲಿನ ಸಾಲಿಗೂ ಹಬ್ಬುತ್ತದೆ.

ಇನ್ನೊಂದು ವಿಷಯವನ್ನು ಅವನು ಮೇಲ್ವಿಚಾರಕರ ಬಳಿಯೇ ಕೇಳಬೇಕು. ಹಾರ್ನೆಸ್ಸಿನಲ್ಲಿ ನೇತಾಡುವವನ ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯವಾಗಬಹುದು. ಮೇಲಿರುವವನನ್ನು ನೆಲದಿಂದಲೇ ಇಳಿಸಲು ಯಂತ್ರದ ಬುಡದಲ್ಲಿ ತುರ್ತು ವಾಲ್ವ್ ಇರುತ್ತದೆ. ಅದು ಎಲ್ಲಿದೆ, ಅದನ್ನು ತಿರುಗಿಸುವುದು ಹೇಗೆ ಎಂಬುದು ರಾತ್ರಿ ಪಾಳಿಯಲ್ಲಿ ಅವನ ಪಕ್ಕದ ಸಾಲಿನಲ್ಲಿ ಕೆಲಸ ಮಾಡುವವರಿಗೆ ಗೊತ್ತಿದೆಯೇ?